ತೊಂಬತ್ತನಾಲ್ಕು ಕಿಲೋ ದೊಡ್ಡಪ್ಪ

ಹೆಂಡತಿಯನ್ನು ಹೆಗಲ ಮೇಲೆ ಹಾಕಿಕೊಂಡು ಮೂರು ಮಹಡಿ ಇಳಿಯುತ್ತಾ, ಆಕೆಯನ್ನೇ ‘ನಿಮ್ಮ ಹೆಸರೇನಮ್ಮ, ಮನೇಲಿ ಇನ್ನೂ ಯಾರ್ಯಾರಿದ್ದಾರೆ?’ ಎಂದು ಕೇಳುವ ಮನುಷ್ಯನನ್ನು ನಾನು ಒಬ್ಬರನ್ನೇ ನೋಡಿದ್ದೇನೆ. ಅದಕ್ಕೇ ಅವರ ಬಗ್ಗೆ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಅವರು ಹಾಗೆ ಹೆಂಡತಿಯನ್ನು ಹೊರಬೇಕಾಗಿ ಬಂದದ್ದು ನನ್ನಿಂದ.

ಅವರು ನಮ್ಮ ಅಗ್ನಿಶಾಮಕ ತರಬೇತಿ ಕೇಂದ್ರದ ತರಬೇತಿ ಅಧಿಕಾರಿ. ಬಾಗಿಲ ಮೇಲಿನ ಬೋರ್ಡಿನಲ್ಲಿ ಹಾಗೇ ಬರೆದಿದೆ. ಆದರೆ ಯಾರೂ ಹಾಗೆ ಕರೆಯುವುದಿಲ್ಲ. ಎಲ್ಲರಿಗೂ ಅವರು ಪೀಪಿ ಮಾಸ್ತರು. ಬಾಯಲ್ಲಿ ಯಾವಾಗಲೂ ಒಂದು ಸೀಟಿ ಇರುತ್ತದೆ. ಸೀಟಿ ತೆಗೆದರೆ ದನಿ ಅದಕ್ಕಿಂತ ಜೋರು. ವಯಸ್ಸು ಐವತ್ತನಾಲ್ಕು.

ನಾನು ಅಲ್ಲಿ ಹೋಸ್ ಪೈಪು, ಟಾರ್ಪಾಲು, ಬೆಲ್ಟು ಹೊಲಿಯುವವನು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನನ್ನ ಶೆಡ್ಡು ಪಂಪಿನ ಕೋಣೆಯ ಪಕ್ಕದಲ್ಲಿದೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಇಡೀ ಮೈದಾನ ಕಾಣುತ್ತದೆ. ಎದುರಿಗೆ ಮೂರು ಮಹಡಿಯ ಡ್ರಿಲ್ ಟವರು. ಅದಕ್ಕೆ ಕಿಟಕಿಯ ಜಾಗದಲ್ಲಿ ಬರೀ ಕಿಂಡಿ, ಬಾಗಿಲ ಜಾಗದಲ್ಲಿ ಬರೀ ಚೌಕಟ್ಟು. ಪಕ್ಕದಲ್ಲಿ ಹೊಗೆ ಕೋಣೆ, ಒಳಗೆಲ್ಲ ಕಾಡಿಗೆಯ ಹಾಗೆ ಕಪ್ಪು. ಟವರಿನ ಬುಡದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಒಂದು ಬಿಳಿ ಗೆರೆ. ಅದರಾಚೆ ಅಡುಗೆಮನೆ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು, ಹುಡುಗಿಯರು ನಾಲ್ಕು ತಿಂಗಳು ಇಲ್ಲಿ ಕಲಿಯುತ್ತಾರೆ. ಏಣಿ ಹತ್ತುವುದು, ಪೈಪು ಹಿಡಿಯುವುದು, ಹೊಗೆಯಲ್ಲಿ ತೆವಳುವುದು. ಎಲ್ಲಕ್ಕಿಂತ ಕಷ್ಟ ದೊಡ್ಡಪ್ಪನನ್ನು ಹೊರುವುದು.

ದೊಡ್ಡಪ್ಪ ಎಂದರೆ ಗೊಂಬೆ. ಕ್ಯಾನ್ವಾಸ್ ಬಟ್ಟೆಯಲ್ಲಿ ಹೊಲಿದು ಮರಳು ತುಂಬಿದ, ಮನುಷ್ಯನಷ್ಟು ಉದ್ದದ ಗೊಂಬೆ. ಉರಿಯುವ ಮನೆಯಲ್ಲಿ ಎಚ್ಚರ ತಪ್ಪಿ ಬಿದ್ದವರನ್ನು ಹೊತ್ತು ತರಲು ಅದರಿಂದಲೇ ಅಭ್ಯಾಸ. ತೂಕ ಎಪ್ಪತ್ತು ಕಿಲೋ ಇರಬೇಕೆಂದು ನಿಯಮ. ಅದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟವರು ಮಾಸ್ತರೇ. ‘ಗೊಂಬೆ ಅಂದ್ರೆ ಎತ್ತಿ ಬಿಸಾಕ್ತೀರಿ. ದೊಡ್ಡಪ್ಪ ಅಂದ್ರೆ ಸ್ವಲ್ಪ ಭಯ ಇರುತ್ತೆ’ ಎನ್ನುತ್ತಿದ್ದರು.

ಅವರ ಪಾಠದಲ್ಲಿ ಒಂದು ನಿಯಮ ಬಹಳ ಗಟ್ಟಿ. ಹೊರುವಾಗ ದೊಡ್ಡಪ್ಪನ ಜೊತೆ ಮಾತಾಡುತ್ತಲೇ ಇರಬೇಕು. ‘ನಾನು ಅಗ್ನಿಶಾಮಕದವನು, ನಿಮ್ಮನ್ನ ಹಿಡ್ಕೊಂಡಿದ್ದೀನಿ, ಹೆದರ್ಬೇಡಿ’ ಅನ್ನಬೇಕು. ಹೆಸರು ಕೇಳಬೇಕು. ಮನೆಯಲ್ಲಿ ಯಾರ್ಯಾರಿದ್ದಾರೆ ಕೇಳಬೇಕು. ತಲೆ ಗೋಡೆಗೆ ತಗುಲಿದರೆ ನಿಂತು ಕ್ಷಮೆ ಕೇಳಬೇಕು. ಕೇಳದವರು ಮತ್ತೆ ಮೇಲಿಂದ ಶುರು ಮಾಡಬೇಕು.

ಹೊಸ ಹುಡುಗರಿಗೆ ನಗು. ಒಬ್ಬ ಕೇಳಿದ: ‘ಸಾರ್, ದೊಡ್ಡಪ್ಪ ಉತ್ತರ ಕೊಡಲ್ವಲ್ಲ?’

‘ನಿಮ್ಮನೇಲಿರೋ ದೊಡ್ಡಪ್ಪ ಕೊಡ್ತಾರೇನಯ್ಯ? ಸುಮ್ನೆ ಕೇಳು.’

ಈ ನಿಯಮ ಯಾಕೆಂದು ಅವರೇ ಪ್ರತಿ ತಂಡಕ್ಕೂ ಎಡಗಿವಿ ತೋರಿಸಿ ಹೇಳುತ್ತಾರೆ. ಕೆಲಸಕ್ಕೆ ಸೇರಿದ ವರ್ಷ ಹೊಗೆ ತುಂಬಿದ ಮನೆಯಿಂದ ಒಬ್ಬ ಮುದುಕರನ್ನು ಹೊತ್ತು ತಂದರಂತೆ. ಇವರಿಗೆ ಭಯ, ಬಾಯಿಯಿಂದ ಒಂದು ಮಾತಿಲ್ಲ. ಮುದುಕರು ಇವರನ್ನು ಕಳ್ಳ ಅಂದುಕೊಂಡು ದಾರಿಯುದ್ದಕ್ಕೂ ಕಿವಿ ಕಚ್ಚಿದರು. ಗುರುತು ಈಗಲೂ ಇದೆ. ‘ಒಂದು ಮಾತು ಆಡಿದ್ರೆ ಕಿವಿ ಉಳೀತಿತ್ತು. ನಿಮ್ಮ ಕಿವಿ ನಿಮಗೆ ಬೇಕಾ ಬೇಡ್ವಾ?’ ಎಂದು ಕೇಳುತ್ತಾರೆ. ಎಲ್ಲರೂ ಬೇಕು ಎನ್ನುತ್ತಾರೆ.

ಮೈದಾನದ ಹೊರಗೂ ಅವರು ಹೀಗೇ. ಸಿನಿಮಾಕ್ಕೆ ಹೋದರೆ ಪರದೆ ನೋಡುವುದಿಲ್ಲ, ಬಾಗಿಲು ನೋಡುತ್ತಾರೆ. ಸಿನಿಮಾ ಹೇಗಿತ್ತು ಎಂದು ಒಮ್ಮೆ ಕೇಳಿದೆ. ‘ನಾಲ್ಕು ಬಾಗಿಲು. ಒಂದಕ್ಕೆ ಬೀಗ. ಮ್ಯಾನೇಜರ್‌ನ ಕರೆದು ತೆಗೆಸಿದೆ’ ಎಂದರು. ಕಥೆ ಏನು ಎಂದೆ. ‘ಅದು ನಿಮ್ಮಕ್ಕನ್ನ ಕೇಳಿ’ ಎಂದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕನಿಗೂ ಕಥೆ ಅರ್ಧ ಗೊತ್ತಿರಲಿಲ್ಲ. ಬೀಗ ತೆಗೆಸಲು ಹೋದಾಗ ಆಕೆಯೂ ಜೊತೆಗೆ ಹೋಗಿದ್ದರು.

ಇಂಥವರಿಗೆ ಒಂದು ಕಷ್ಟ ಬಂತು.

ನಮ್ಮ ಇಲಾಖೆಯಲ್ಲಿ ತರಬೇತಿ ಅಧಿಕಾರಿಗೂ ವರ್ಷಕ್ಕೊಂದು ಪರೀಕ್ಷೆ ಇದೆ. ಟವರಿನ ಮೂರನೇ ಮಹಡಿಯಿಂದ ಗೊಂಬೆಯನ್ನು ಹೊತ್ತುಕೊಂಡು ಬಿಳಿ ಗೆರೆ ದಾಟಬೇಕು. ತೊಂಬತ್ತು ಸೆಕೆಂಡು. ದಾಟಿದರೆ ಮೈದಾನದಲ್ಲಿ ಇರಬಹುದು. ದಾಟದಿದ್ದರೆ ಹೆಡ್ಡಾಫೀಸಿನಲ್ಲಿ ಮೇಜಿನ ಕೆಲಸ. ಆಮೇಲೆ ವಾಪಸ್ಸು ಬರುವ ಮಾತಿಲ್ಲ.

ಮಾಸ್ತರು ಹತ್ತು ವರ್ಷದ ಹಿಂದೆ ಇದನ್ನು ಐವತ್ತೆಂಟು ಸೆಕೆಂಡಿನಲ್ಲಿ ಮುಗಿಸುತ್ತಿದ್ದರು. ಆಮೇಲೆ ಅರವತ್ತೈದಾಯಿತು. ಎಪ್ಪತ್ತೆರಡಾಯಿತು. ಎಂಬತ್ತೊಂದಾಯಿತು. ಹೋದ ವರ್ಷ ಎಂಬತ್ತೆಂಟು. ಗೆರೆ ದಾಟಿ ಅಲ್ಲೇ ದೊಡ್ಡಪ್ಪನ ಪಕ್ಕದಲ್ಲಿ ಮಲಗಿಬಿಟ್ಟರು. ಯಾರು ಮನುಷ್ಯ, ಯಾರು ಗೊಂಬೆ ಅಂತ ದೂರದಿಂದ ಗೊತ್ತಾಗುತ್ತಿರಲಿಲ್ಲ. ಗೊಂಬೆ ಏದುಸಿರು ಬಿಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಈ ವರ್ಷದ ಪರೀಕ್ಷೆಗೆ ಎರಡು ತಿಂಗಳಿರುವಾಗ ನನ್ನ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಸೀಟಿ ಕೈಯಲ್ಲಿತ್ತು.

‘ಟೈಲರ್ರೇ, ವಯಸ್ಸಾಯ್ತು ಅನ್ಸುತ್ತೆ.’

‘ಇಲ್ಲ ಸಾರ್.’

‘ಆಫೀಸಲ್ಲಿ ಮೆತ್ತಗೆ ಮಾತಾಡ್ಬೇಕಂತೆ. ನನಗೆ ಬರಲ್ಲ. ಒಂದ್ಸಲ ಪ್ರಯತ್ನ ಮಾಡ್ದೆ. ಹುಷಾರಿಲ್ವಾ ಅಂತ ಕೇಳಿದ್ರು.’

ಅವರು ಎದ್ದು ಹೋದರು. ಮೈದಾನದಲ್ಲಿ ಸೀಟಿ ಊದಿದ್ದು ಕೇಳಿಸಿತು. ಅವತ್ತು ಬಹಳ ಹೊತ್ತು ಊದಿದರು.

ಮರುದಿನದಿಂದ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಅವರ ಮನೆ ಮೂರನೇ ಮಹಡಿಯಲ್ಲಿ. ಮೆಟ್ಟಿಲಿದೆ, ಗೊಂಬೆ ಇಲ್ಲ. ಆದರೆ ಅಕ್ಕ ಇದ್ದರು. ಅಕ್ಕನ ತೂಕ ಅರವತ್ತಾರು ಕಿಲೋ. ಸರಿಹೋಯಿತು.

ನಾನು ಒಂದು ಬೆಳಿಗ್ಗೆ ಅವರ ಸಮವಸ್ತ್ರದ ಪ್ಯಾಂಟು ಹೊಲಿದು ಕೊಡಲು ಹೋಗಿದ್ದೆ. ಎರಡನೇ ಮಹಡಿಗೆ ಕೆಲವು ಮೆಟ್ಟಿಲು ಕೆಳಗೆ ನಿಂತಿದ್ದೆ. ಮೇಲಿನಿಂದ ದನಿ ಬಂತು.

‘ನಾನು ಅಗ್ನಿಶಾಮಕದವನು, ಹೆದರ್ಬೇಡಿ! ನಿಮ್ಮ ಹೆಸರೇನಮ್ಮ?’

‘ರೀ, ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು.’

‘ಹೆಸರು ಹೇಳಮ್ಮ! ಮನೇಲಿ ಯಾರ್ಯಾರಿದ್ದಾರೆ?’

‘ಯಾರೂ ಇಲ್ಲ. ಇದ್ದೊಬ್ಬರು ಈಗ ನನ್ನ ಹೊತ್ಕೊಂಡು ಓಡ್ತಿದ್ದಾರೆ.’

ಎರಡನೇ ಮಹಡಿಯ ಮನೆಯಾಕೆ ಬಾಗಿಲು ತೆಗೆದರು. ಮಾಸ್ತರ ಹೆಗಲ ಮೇಲೆ ಅಕ್ಕ ತಲೆಕೆಳಗಾಗಿ ಜೋತು ಬಿದ್ದಿದ್ದರು. ಮನೆಯಾಕೆ ಗಾಬರಿಯಾದರು. ‘ಅಯ್ಯೋ, ಏನಾಯ್ತು? ಆಸ್ಪತ್ರೆಗಾ?’

‘ಇಲ್ಲ ಕಣ್ರೀ, ಅಭ್ಯಾಸ’ ಎಂದು ಅಕ್ಕ ಜೋತಾಡಿಕೊಂಡೇ ಹೇಳಿದರು. ‘ನಿಮ್ಮನೇಲಿ ನೀರು ಬಂತಾ? ನಮ್ಮಲ್ಲಿ ಇನ್ನೂ ಬಂದಿಲ್ಲ. ಮತ್ತೆ ನಿಮ್ಮ ಬಾಗಿಲ ಪಕ್ಕ ಕೆಳಗಡೆ ಜೇಡರಬಲೆ ಇದೆ ನೋಡಿ. ನಿಂತ್ಕೊಂಡು ನೋಡಿದ್ರೆ ಕಾಣ್ಸಲ್ಲ.’

ದಿನಾ ಬೆಳಿಗ್ಗೆ ಐದು ಸಲ. ಇಳಿಯುವಾಗ ಮಾತ್ರ ಮಾಸ್ತರು ಹೊರುತ್ತಿದ್ದರು. ಹತ್ತುವುದು ಪರೀಕ್ಷೆಯಲ್ಲಿಲ್ಲ. ಆದ್ದರಿಂದ ಅಕ್ಕ ಮೂರು ಮಹಡಿ ತಾವೇ ಹತ್ತಬೇಕಿತ್ತು. ದಿನಕ್ಕೆ ಹದಿನೈದು ಮಹಡಿ. ಒಂದು ತಿಂಗಳಲ್ಲಿ ಅಕ್ಕನ ತೂಕ ಅರವತ್ತೊಂದಕ್ಕೆ ಇಳಿಯಿತು. ಮಾಸ್ತರಿಗೆ ಚಿಂತೆ ಹತ್ತಿತು.

‘ನೀನು ಹೀಗೆ ಇಳಿದ್ರೆ ನಾನು ಹೇಗೆ ಅಭ್ಯಾಸ ಮಾಡ್ಲಿ? ಸ್ವಲ್ಪ ತಿನ್ನು’ ಎಂದು ಬೈದರಂತೆ. ಅಕ್ಕ ತಿನ್ನಲಿಲ್ಲ. ಹಳೆಯ ರವಿಕೆಗಳೆಲ್ಲ ಸಡಿಲವಾಗಿ ಖುಷಿಯಾಗಿದ್ದರು. ಕೊನೆಗೆ ಹತ್ತು ಲೀಟರಿನ ನೀರಿನ ಕ್ಯಾನು ತುಂಬಿ ಅಕ್ಕನ ಕೈಗೆ ಕೊಟ್ಟರು. ಹೆಂಡತಿ ಹೆಗಲ ಮೇಲೆ, ಕ್ಯಾನು ಹೆಂಡತಿಯ ಕೈಯಲ್ಲಿ. ಹಾಗೆ ಇಳಿದರು. ಅರವತ್ತು ಸೆಕೆಂಡಿನ ಒಳಗೆ.

ಇದೇ ಅವರಿಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಅರವತ್ತು. ಮೈದಾನದಲ್ಲಿ ದೊಡ್ಡಪ್ಪನನ್ನು ಹೊತ್ತರೆ ತೊಂಬತ್ತೈದು, ತೊಂಬತ್ತೆಂಟು. ‘ಹೆಂಡತಿ ಅಂದ್ರೆ ಭಾರ ಗೊತ್ತಾಗಲ್ಲ ಅನ್ಸುತ್ತೆ’ ಎಂದು ಒಮ್ಮೆ ನನ್ನ ಹತ್ತಿರ ಬಹಳ ಗಂಭೀರವಾಗಿ ಹೇಳಿದರು. ನಾನು ಅದನ್ನು ಅಕ್ಕನಿಗೆ ಹೇಳಿದೆ. ಅಕ್ಕ ಎರಡು ದಿನ ಬಹಳ ಸಂತೋಷದಲ್ಲಿದ್ದರು.

ಪರೀಕ್ಷೆಗೆ ಮೂರು ದಿನವಿರುವಾಗ ಹೆಡ್ಡಾಫೀಸಿನಿಂದ ಕಾಗದ ಬಂತು. ಈ ಸಲ ಗೊಂಬೆಯನ್ನು ತೂಕ ಮಾಡಿ, ತೂಕವನ್ನು ಅದರ ಎದೆಯ ಮೇಲೆ ಬಣ್ಣದಲ್ಲಿ ಬರೆದಿಡಬೇಕು ಎಂದಿತ್ತು. ಬರೆಯುವ ಕೆಲಸ ನನ್ನದು. ತೂಕದ ಯಂತ್ರ ಇದ್ದದ್ದು ಅಡುಗೆಮನೆಯಲ್ಲಿ, ಮೂಟೆ ತೂಗುವುದಕ್ಕೆ. ಗೊಂಬೆಯನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋದೆ. ಅಡುಗೆಯವನು ಒಂದು ಕಡೆ ಹಿಡಿದ.

ಮುಳ್ಳು ಎಪ್ಪತ್ತು ದಾಟಿತು. ಎಂಬತ್ತು ದಾಟಿತು. ತೊಂಬತ್ತನಾಲ್ಕಕ್ಕೆ ನಿಂತಿತು.

ಅಡುಗೆಯವನು ಬಗ್ಗಿ ನೋಡಿದ. ‘ನನ್ನ ಅಡುಗೆ ತಿಂದು ಇಲ್ಲಿ ಯಾರೂ ದಪ್ಪ ಆಗಿಲ್ಲ. ಇವನೊಬ್ಬನೇ ನೋಡು’ ಎಂದ.

ನಾನು ಗೊಂಬೆಯ ಕಾಲಿನ ತೇಪೆ ಮುಟ್ಟಿ ನೋಡಿದೆ. ತಕ್ಷಣ ಗೊತ್ತಾಯಿತು. ಹತ್ತು ವರ್ಷದಿಂದ ದೊಡ್ಡಪ್ಪನ ರಿಪೇರಿ ನನ್ನದೇ. ಕಾಲು ಹರಿದರೆ ಒಂದು ತೇಪೆ. ತೇಪೆಗೆ ಹಳೆಯ ಹೋಸ್ ಪೈಪಿನ ದಪ್ಪ ಕ್ಯಾನ್ವಾಸು. ತೇಪೆಯ ಮೇಲೆ ತೇಪೆ. ಸೋರಿದ ಮರಳಿಗೆ ಹೊಸ ಮರಳು, ಕಣ್ಣಳತೆಯಲ್ಲಿ. ಕಡಿಮೆಯಾಗಬಾರದು ಎಂದು ಒಂದು ಹಿಡಿ ಜಾಸ್ತಿಯೇ. ಮರಳು ಹೊರಗೆ ಬರದಂತೆ ಕೈಗೆ ಸಿಕ್ಕ ಬಟ್ಟೆ. ವರ್ಷಕ್ಕೆ ಎರಡು, ಎರಡೂವರೆ ಕಿಲೋ. ಯಾರಿಗೂ ಗೊತ್ತಾಗಲಿಲ್ಲ. ಕಲಿಯುವವರು ಪ್ರತಿ ಸಲ ಹೊಸಬರು. ಅವರಿಗೆ ದೊಡ್ಡಪ್ಪ ಎಂದರೆ ಇಷ್ಟೇ ಭಾರ. ವರ್ಷವರ್ಷವೂ ಹೊತ್ತವರು ಮಾಸ್ತರೊಬ್ಬರೇ. ಅವರು ತಮಗೆ ವಯಸ್ಸಾಯಿತು ಎಂದುಕೊಂಡರು.

ಹೋಗಿ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಮಾಸ್ತರು ಬಂದು ಮುಳ್ಳು ನೋಡಿದರು. ಇಳಿಸಿ ಮತ್ತೆ ಹತ್ತಿಸಿ ಎಂದರು. ತೊಂಬತ್ತನಾಲ್ಕು. ಅವರ ಮುಖ ಅರಳಿತು. ‘ಹಾಗಾದ್ರೆ ನನಗೆ ವಯಸ್ಸಾಗಿಲ್ಲ!’ ಎಂದು ಕೂಗಿದರು. ಪಾತ್ರೆಗಳು ಅಲುಗಾಡಿದವು.

ಆಮೇಲೆ ಮುಖ ಸಣ್ಣಗಾಯಿತು. ‘ದೊಡ್ಡಪ್ಪನ್ನ ಹೊರಕ್ಕಾಗಲಿಲ್ಲ ಅಂತ ಎಷ್ಟು ಜನರನ್ನ ಮತ್ತೆ ನಾಲ್ಕು ತಿಂಗಳು ನಿಲ್ಲಿಸ್ಕೊಂಡಿದ್ದೀನಿ ಟೈಲರ್ರೇ?’ ಎಂದು ಕೇಳಿದರು.

ಹನ್ನೊಂದು ಜನ. ಹಳೆಯ ಪಟ್ಟಿ ತೆಗೆಸಿದರು. ಅವತ್ತು ಮಧ್ಯಾಹ್ನ ಒಬ್ಬೊಬ್ಬರಿಗೂ ಫೋನು ಮಾಡಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ತಪ್ಪು ನನ್ನದು, ನಾನು ಮಾತಾಡುತ್ತೇನೆ ಎಂದೆ. ‘ತೂಗಿಸಬೇಕಾದವನು ನಾನು. ನೀವು ಸುಮ್ನಿರಿ’ ಎಂದರು.

ಒಬ್ಬ ಈಗ ದೊಡ್ಡ ಸ್ಟೇಷನ್ನಿನಲ್ಲಿ ಇದ್ದಾನೆ. ಅವನು ನಕ್ಕ. ‘ಸಾರ್, ಆ ನಾಲ್ಕು ತಿಂಗಳು ಆದ್ಮೇಲೆ ನಾನು ಫ್ರಿಜ್ಜು ಒಬ್ಬನೇ ಎತ್ತೀನಿ. ಬೀದೀಲಿ ಯಾರು ಮನೆ ಖಾಲಿ ಮಾಡಿದ್ರೂ ನನ್ನೇ ಕರೀತಾರೆ. ಭಾನುವಾರ ಅನ್ನೋದೇ ಇಲ್ಲ ನನಗೆ!’

ಒಬ್ಬಳು ನಗಲಿಲ್ಲ. ‘ನಾಲ್ಕು ತಿಂಗಳು ಸಾರ್. ನಮ್ಮಮ್ಮ ದಿನಾ ಫೋನಲ್ಲಿ ಅಳ್ತಿದ್ರು’ ಎಂದಳು.

‘ಅಮ್ಮನ ನಂಬರು ಕೊಡಮ್ಮ’ ಎಂದರು ಮಾಸ್ತರು.

ಆ ತಾಯಿ ಇಪ್ಪತ್ತು ನಿಮಿಷ ಬೈದರು. ಮಾಸ್ತರು ಎದ್ದು ನಿಂತು ಬೈಸಿಕೊಂಡರು. ‘ಹೌದಮ್ಮ. ಸರಿ ಅಮ್ಮ. ಅದೂ ಸರಿ ಅಮ್ಮ.’ ಅವರು ಮೆತ್ತಗೆ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು.

ಮರುದಿನ ಬೆಳಿಗ್ಗೆ ದೊಡ್ಡಪ್ಪನ ಹೊಟ್ಟೆ ಬಿಚ್ಚಿದೆವು. ಹೊಗೆ ಕೋಣೆಯ ಮುಂದೆ ಟಾರ್ಪಾಲು ಹಾಸಿ ಮಲಗಿಸಿದೆ. ಕಲಿಯುವವರೆಲ್ಲ ಸುತ್ತ ನಿಂತರು. ಮೊದಲು ಮರಳು ಬಂತು, ಅರ್ಧ ಒದ್ದೆ. ಆಮೇಲೆ ಕೋಟಿನ ತೋಳು. ಒಂದು ಕಾಲೊರಸು. ಆಫೀಸಿನ ಕಿಟಕಿಯ ಪರದೆ. ಕೈಗವಸು ಎಂಟು, ಎಂಟೂ ಎಡಗೈಯವು.

‘ನನ್ನ ಏಪ್ರನ್ನು!’ ಎಂದು ಅಡುಗೆಯವನು ಒಂದನ್ನು ಎಳೆದುಕೊಂಡ. ‘ಇದಕ್ಕೆ ನಾನು ಧೋಬಿ ಜೊತೆ ಜಗಳ ಆಡಿದ್ದೀನಿ. ಎರಡು ವರ್ಷ ಮಾತಿಲ್ಲ!’

ಹೊಟ್ಟೆಯ ಕೆಳಗಡೆ ನನ್ನ ಕೈಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಸ್ಟೀಲಿನ ಸೀಟಿ. ಮಾಸ್ತರ ಹಳೆಯ ಸೀಟಿ. ಆರು ವರ್ಷದ ಹಿಂದೆ ಕಳೆದುಹೋಗಿತ್ತು. ನಾನು ಹೊಲಿಯುವಾಗ ಅವರು ಬಗ್ಗಿ ನೋಡುತ್ತಾರೆ, ಆಗ ದಾರ ಹರಿದು ಬಿದ್ದಿರಬೇಕು. ಅದರ ಮೇಲೇ ಹೊಲಿದುಬಿಟ್ಟಿದ್ದೆ.

ಮಾಸ್ತರು ಅಡುಗೆಯವನ ಮುಖ ನೋಡಿದರು. ಅಡುಗೆಯವನು ಸೊಂಟಕ್ಕೆ ಕೈಕೊಟ್ಟು ನಿಂತ.

‘ಆರು ವರ್ಷ ನನ್ನ ಮೇಲೆ ಅನುಮಾನ ಪಟ್ಟಿದ್ದೀರಿ.’

‘ಊಟದ ಹೊತ್ತಲ್ಲಿ ಊದಿದ್ರೆ ಮುಖ ಸಿಂಡರಿಸ್ತಿದ್ರಲ್ಲ, ಅದಕ್ಕೇ...’

‘ಸಿಂಡರಿಸ್ತಿದ್ದೆ. ಕದೀಲಿಲ್ಲ. ಆದ್ರೆ ನನಗೆ ಸಿಕ್ಕಿದ್ರೆ ಬಾವಿಗೆ ಹಾಕ್ತಿದ್ದೆ, ಅದು ಬೇರೆ ಮಾತು.’

ಹಳೆಯ ತೇಪೆ ಕಿತ್ತು, ಮರಳು ಒಣಗಿಸಿ, ತೂಗಿ ತೂಗಿ ತುಂಬಿದೆ. ಎಪ್ಪತ್ತು. ಎದೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದೆ. ದೊಡ್ಡಪ್ಪ ಸೊರಗಿಹೋಗಿದ್ದ. ಒಬ್ಬ ಹುಡುಗಿ ಪಾಪ ಎಂದಳು.

ಪರೀಕ್ಷೆಯ ದಿನ ಹೆಡ್ಡಾಫೀಸಿನಿಂದ ಪರೀಕ್ಷಕರು ಬಂದರು. ಗುಂಡಗಿನ ಮನುಷ್ಯ, ಇಸ್ತ್ರಿಯ ಬಟ್ಟೆ, ಕೊರಳಲ್ಲಿ ಸ್ಟಾಪ್ ವಾಚು. ಯಾರ ಕಡೆಗೂ ನಗಲಿಲ್ಲ. ಅಕ್ಕ ಬೇಲಿಯ ಹತ್ತಿರ ಬಂದು ನಿಂತಿದ್ದರು. ಅಭ್ಯಾಸಬಲದಿಂದ ನೀರಿನ ಕ್ಯಾನೂ ತಂದಿದ್ದರು.

ಮಾಸ್ತರು ಮೇಲೆ ಹೋದರು. ಪರೀಕ್ಷಕರು ಕೈ ಎತ್ತಿ ಇಳಿಸಿದರು. ಟವರಿನ ಒಳಗೆ ದಡದಡ ಸದ್ದು. ‘ಹೆದರ್ಬೇಡಿ ದೊಡ್ಡಪ್ಪ! ಏನಿದು, ಇಷ್ಟು ಇಳಿದುಹೋಗಿದ್ದೀರಿ!’ ಎನ್ನುವುದು ಕೇಳಿಸಿತು. ಅಷ್ಟರಲ್ಲಿ ಕೆಳಗೇ ಬಂದುಬಿಟ್ಟರು. ಬಿಳಿ ಗೆರೆ ದಾಟಿದರು. ನಿಲ್ಲಲಿಲ್ಲ. ತೊಂಬತ್ತನಾಲ್ಕು ಕಿಲೋಗೆ ಒಗ್ಗಿದ ಕಾಲು, ಎಪ್ಪತ್ತಕ್ಕೆ ಹಿಡಿತ ಸಿಗಲಿಲ್ಲ. ಪರೀಕ್ಷಕರನ್ನು ದಾಟಿದರು. ಅಡುಗೆಮನೆಯ ಕಡೆಗೆ ಓಡಿದರು.

‘ರೀ! ಗೆರೆ ಹಿಂದೆ ಹೋಯ್ತು! ನಿಲ್ರೀ!’ ಎಂದು ಅಕ್ಕ ಬೇಲಿಯಿಂದ ಕೂಗಿದರು.

ಅಡುಗೆಯವನು ಬಾಗಿಲಲ್ಲಿ ಎರಡೂ ಕೈ ಅಗಲಿಸಿ ನಿಂತು ಹಿಡಿದುಕೊಂಡ.

ಐವತ್ತೊಂದು ಸೆಕೆಂಡು. ಕಲಿಯುವವರು ಚಪ್ಪಾಳೆ ಹೊಡೆದರು. ಪರೀಕ್ಷಕರು ಹೊಡೆಯಲಿಲ್ಲ.

‘ಹೋದ ವರ್ಷ ಎಂಬತ್ತೆಂಟು. ಈ ವರ್ಷ ಐವತ್ತೊಂದು. ವಯಸ್ಸು ಹಿಂದಕ್ಕೆ ಹೋಗುತ್ತೇನ್ರೀ? ಗೊಂಬೆ ತೂಕ ಕಡಿಮೆ ಇದೆ’ ಎಂದರು.

ಅಡುಗೆಮನೆಗೆ ಒಯ್ದು ತೂಗಿದೆವು. ಎಪ್ಪತ್ತು.

‘ಯಂತ್ರ ಸರಿ ಇದೆಯಾ ನೋಡ್ತೀನಿ’ ಎಂದು ಅವರೇ ಬೂಟು ಬಿಚ್ಚಿ ಯಂತ್ರದ ಮೇಲೆ ಹತ್ತಿದರು. ತೊಂಬತ್ತೊಂದು. ಅವರು ಕೆಳಗಿಳಿದು ಮತ್ತೆ ಹತ್ತಿದರು. ಉಸಿರು ಹಿಡಿದರು. ತೊಂಬತ್ತೊಂದೇ.

‘ಯಂತ್ರ ಸುಳ್ಳು ಹೇಳ್ತಿದೆ’ ಎಂದರು. ‘ನಮ್ಮನೆ ಯಂತ್ರದಲ್ಲಿ ನಾನು ಎಂಬತ್ತನಾಲ್ಕು. ಇದು ಏಳು ಕಿಲೋ ಜಾಸ್ತಿ ತೋರಿಸುತ್ತೆ. ಅಂದ್ರೆ ನಿಮ್ಮ ಗೊಂಬೆ ಅರವತ್ತಮೂರು. ಪರೀಕ್ಷೆ ರದ್ದು.’

ಮಾಸ್ತರು ಸೀಟಿ ಕಚ್ಚಿಕೊಂಡರು. ರದ್ದು ಎಂದರೆ ಮೇಜು.

ಅಡುಗೆಯವನು ಮೂಲೆಯಿಂದ ಒಂದು ಅಕ್ಕಿ ಮೂಟೆ ಎಳೆದು ತಂದ. ಬಾಯಿ ಹೊಲಿದದ್ದು ಹಾಗೇ ಇತ್ತು. ಮೇಲೆ ಐವತ್ತು ಕಿಲೋ ಎಂದು ಅಚ್ಚಾಗಿತ್ತು. ಯಂತ್ರದ ಮೇಲೆ ಇಟ್ಟ. ಮುಳ್ಳು ಐವತ್ತಕ್ಕೆ ಬಂದು ನಿಂತಿತು.

ಪರೀಕ್ಷಕರು ಮುಳ್ಳು ನೋಡಿದರು. ತಮ್ಮ ಹೊಟ್ಟೆ ನೋಡಿಕೊಂಡರು. ಯಾರೂ ನಗಲಿಲ್ಲ. ನಗದೆ ಇರುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಒಬ್ಬ ಹುಡುಗ ಹೊರಗೆ ಹೋಗಿ ಪಂಪಿನ ಹಿಂದೆ ನಿಂತು ನಕ್ಕು ಬಂದ.

‘ಮನೆ ಯಂತ್ರ ಎಸೀಬೇಕು’ ಎಂದರು ಪರೀಕ್ಷಕರು ಮೆಲ್ಲಗೆ. ಆಮೇಲೆ ದನಿ ಏರಿಸಿದರು. ‘ಅದಿರ್ಲಿ. ಗೊಂಬೆ ಸರಿ ಇದ್ರೆ ಐವತ್ತೊಂದು ಹೇಗೆ ಬಂತು? ಅದು ಹೇಳಿ.’

ನಾನು ನೆಲ ನೋಡಿದೆ. ಅಡುಗೆಯವನು ಮಾಸ್ತರಿಗೆ ಕಣ್ಣಲ್ಲೇ ಬೇಡ ಎಂದ. ಅಭ್ಯಾಸ ಮಾಡಿದೆ ಸಾರ್ ಎಂದಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಮಾಸ್ತರು ಸೀಟಿ ತೆಗೆದು ಎಲ್ಲಾ ಹೇಳಿಬಿಟ್ಟರು. ತೊಂಬತ್ತನಾಲ್ಕು ಕಿಲೋ, ಹತ್ತು ವರ್ಷ, ಹನ್ನೊಂದು ಜನ. ‘ವರ್ಷಕ್ಕೊಂದು ಸಲ ತೂಗಿಸೋದು ನನ್ನ ಕೆಲಸ ಸಾರ್. ತೂಗಿಸಲಿಲ್ಲ. ಬರ್ಕೊಳ್ಳಿ’ ಎಂದರು.

ಪರೀಕ್ಷಕರು ಪೆನ್ನು ತೆಗೆದರು. ಅದನ್ನು ಬರೆದರೆ ಪಾಸಾದರೂ ಮೇಜಿಗೇ ಹೋಗಬೇಕಿತ್ತು. ಅದು ನಮಗೆಲ್ಲ ಗೊತ್ತಿತ್ತು. ಪೆನ್ನು ಅರ್ಧಕ್ಕೆ ನಿಂತಿತು.

‘ಅಂದ್ರೆ ಹೋದ ವರ್ಷ ತೊಂಬತ್ತರ ಮೇಲಿದ್ದ ಗೊಂಬೆಯನ್ನ ಎಂಬತ್ತೆಂಟು ಸೆಕೆಂಡಲ್ಲಿ ಇಳಿಸಿದ್ರಾ? ಐವತ್ತಮೂರು ವಯಸ್ಸಲ್ಲಿ? ನಾನು ನಂಬಲ್ಲ.’

‘ಇಳಿಸಿದ್ದೀನಿ ಸಾರ್.’

‘ನಾನು ತೊಂಬತ್ತೊಂದು. ಈಗ ತಾನೇ ನೋಡಿದ್ರಲ್ಲ. ನನ್ನನ್ನ ಇಳಿಸಿ. ತೊಂಬತ್ತು ಸೆಕೆಂಡಿನ ಒಳಗೆ ಇಳಿಸಿದ್ರೆ ನೀವು ಹೇಳಿದ್ದೆಲ್ಲ ನಂಬ್ತೀನಿ. ನೀವು ಮೈದಾನದಲ್ಲೇ ಇರಿ. ಇಲ್ದಿದ್ರೆ ಸೋಮವಾರ ಹೆಡ್ಡಾಫೀಸಿಗೆ ಬನ್ನಿ.’

ಇಬ್ಬರೂ ಟವರು ಹತ್ತಿದರು. ಪರೀಕ್ಷಕರು ಎರಡು ಕಡೆ ಕೂತು ಸುಧಾರಿಸಿಕೊಂಡರಂತೆ. ಸ್ಟಾಪ್ ವಾಚು ಅವರ ಕೈಯಲ್ಲೇ ಇತ್ತು. ಬೇರೆ ಯಾರನ್ನೂ ಅವರು ನಂಬುವುದಿಲ್ಲ.

‘ಶುರು!’ ಎಂದು ಮೇಲಿಂದ ಕೂಗು ಬಂತು. ನಾವು ಕೆಳಗೆ ಟವರಿನ ಹತ್ತಿರ ಸರಿದು ನಿಂತೆವು. ಟವರಿಗೆ ಬರೀ ಕಿಂಡಿಗಳು, ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

‘ನಾನು ಅಗ್ನಿಶಾಮಕದವನು, ನಿಮ್ಮನ್ನ ಹಿಡ್ಕೊಂಡಿದ್ದೀನಿ, ಹೆದರ್ಬೇಡಿ! ನಿಮ್ಮ ಹೆಸರೇನು?’

‘ನಾನು ಯಾರು ಅಂತ ಗೊತ್ತಿಲ್ವೇನ್ರೀ?’

‘ಗೊತ್ತು ಸಾರ್. ಆದ್ರೂ ಕೇಳ್ಬೇಕು. ಎಲ್ಲಾದ್ರೂ ನೋವಿದ್ಯಾ?’

‘ಹೊಟ್ಟೆ! ನಿಮ್ಮ ಹೆಗಲು ಹೊಟ್ಟೆಗೆ ಒತ್ತುತ್ತಿದೆ!’

‘ಮನೇಲಿ ಯಾರ್ಯಾರಿದ್ದಾರೆ ಸಾರ್?’

‘ಹೆಂಡತಿ. ಒಬ್ಬಳು ಮಗಳು.’ ಎರಡನೇ ಮಹಡಿಯ ಕಿಂಡಿಯಲ್ಲಿ ಎರಡು ಇಸ್ತ್ರಿ ಕಾಲು ಕಾಣಿಸಿ ಮರೆಯಾದವು. ‘ಮಗಳು ನನ್ನ ಜೊತೆ ಮಾತಾಡ್ತಿಲ್ಲ.’

‘ಯಾಕೆ ಸಾರ್?’

‘ಸಿಹಿ ತಿನ್ನೋದು ಬಿಡೋವರೆಗೂ ಮಾತಾಡಲ್ವಂತೆ. ಮೂರು ವಾರ ಆಯ್ತು.’

ಡಬ್ ಎಂದು ಸದ್ದಾಯಿತು. ಚೌಕಟ್ಟಿಗೆ ತಲೆ ತಗುಲಿರಬೇಕು. ಓಟ ನಿಂತಿತು.

‘ಕ್ಷಮಿಸಿ ಸಾರ್. ತಪ್ಪಾಯ್ತು. ಜೋರಾಗಿ ತಗುಲ್ತಾ?’

‘ಓಡ್ರೀ! ಟೈಮ್ ಹೋಗ್ತಿದೆ!’ ಎಂದು ಅಕ್ಕ ಬೇಲಿಯಿಂದ ಚೀರಿದರು.

‘ಕ್ಷಮೆ ಕೇಳದೆ ಓಡೋ ಹಾಗಿಲ್ಲ ಕಣೇ!’ ಎಂದು ಒಳಗಿಂದಲೇ ಉತ್ತರ ಬಂತು. ‘ಹೇಳಿ ಸಾರ್, ಮಗಳಿಗೆ ನೀವೇನಂದ್ರಿ?’

‘ನನ್ನ ತೂಕ ಸರಿಯಾಗೇ ಇದೆ, ಯಂತ್ರ ನೋಡು ಅಂದೆ.’

‘ತಪ್ಪು ಮಾಡಿದ್ರಿ ಸಾರ್.’

‘ಈಗ ಗೊತ್ತಾಯ್ತಲ್ರೀ.’

ಮಾಸ್ತರು ಹೊರಗೆ ಬಂದರು. ಮುಖ ಕೆಂಪು ಬಕೆಟ್ಟಿನ ಹಾಗಿತ್ತು. ಒಂದೊಂದೇ ಹೆಜ್ಜೆ. ಬಿಳಿ ಗೆರೆ ದಾಟಿದರು. ಈ ಸಲ ಗೆರೆಯ ಪಕ್ಕದಲ್ಲೇ ನಿಂತರು, ಇನ್ನೊಂದು ಹೆಜ್ಜೆಗೆ ಶಕ್ತಿ ಇರಲಿಲ್ಲ. ಪರೀಕ್ಷಕರು ಇನ್ನೂ ತಲೆಕೆಳಗಾಗಿ ಜೋತುಬಿದ್ದು ಹೇಳುತ್ತಲೇ ಇದ್ದರು. ‘ಅವಳು ಹೇಳೋದ್ರಲ್ಲೂ ನ್ಯಾಯ ಇದೆ. ಡ್ರಾಯರಲ್ಲಿ ಬಚ್ಚಿಟ್ಟು ತಿಂತೀನಿ ನಾನು. ಚಿಕ್ಕವಳಿದ್ದಾಗ ಅವಳಿಗೆ ಕೊಡದೆ ತಿಂದಿದ್ದೂ ಉಂಟು...’

ಮಾಸ್ತರು ಮೆಲ್ಲಗೆ ಅವರನ್ನು ಇಳಿಸಿ ನಿಲ್ಲಿಸಿದರು. ಕಾಲರು ಸರಿಮಾಡಿದರು. ‘ಎಷ್ಟಾಯ್ತು ಸಾರ್?’ ಎಂದು ಏದುಸಿರಿನಲ್ಲಿ ಕೇಳಿದರು.

ಪರೀಕ್ಷಕರು ಕೈ ನೋಡಿಕೊಂಡರು. ವಾಚು ಓಡುತ್ತಲೇ ಇತ್ತು. ಎರಡು ನಿಮಿಷ ಹತ್ತು. ಹನ್ನೊಂದು. ಹನ್ನೆರಡು.

‘ಒತ್ತೋದು ಮರೆತೆ’ ಎಂದರು.

ನಾವು ಮೂವತ್ತು ಜನ ನಿಂತಿದ್ದೆವು. ಒಬ್ಬರಾದರೂ ಗಡಿಯಾರ ನೋಡಿರಲಿಲ್ಲ. ಎಲ್ಲರೂ ಆ ಮಗಳ ಕಥೆ ಕೇಳುತ್ತಿದ್ದೆವು. ಎಂಬತ್ತೈದೋ, ನೂರೋ ಯಾರಿಗೂ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ.

ಪರೀಕ್ಷಕರು ಅಡುಗೆಮನೆಯ ಕಟ್ಟೆಯ ಮೇಲೆ ಕೂತರು. ಬಹಳ ಹೊತ್ತು ಯೋಚಿಸಿದರು. ಮಾಸ್ತರು ಎದುರಿಗೆ ನಿಂತೇ ಇದ್ದರು.

‘ತೂಗಿಸೋದು ನಿಮ್ಮ ಕೆಲಸ. ನೀವು ತೂಗಿಸಲಿಲ್ಲ’ ಎಂದರು ಪರೀಕ್ಷಕರು.

‘ಹೌದು ಸಾರ್.’

‘ವಾಚು ಒತ್ತೋದು ನನ್ನ ಕೆಲಸ. ನಾನು ಒತ್ತಲಿಲ್ಲ.’

ಪರೀಕ್ಷಕರು ಫಾರ್ಮು ತಿರುಗಿಸಿ ನೋಡಿದರು.

‘ನಿಮ್ಮದು ಬರೆದ್ರೆ ನಂದೂ ಬರೀಬೇಕಾಗುತ್ತೆ. ಅಷ್ಟು ಜಾಗ ಈ ಫಾರ್ಮಲ್ಲಿಲ್ಲ.’ ಹೀಗೆಂದು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಬರೆದರು. ಗೊಂಬೆಯ ತೂಕ ಎಪ್ಪತ್ತು. ಸಮಯ ಐವತ್ತೊಂದು. ಪಾಸು. ಮೈದಾನದಲ್ಲಿ ಮುಂದುವರಿಯಬಹುದು. ಗೊಂಬೆಯನ್ನು ಮೂರು ತಿಂಗಳಿಗೊಮ್ಮೆ ತೂಗತಕ್ಕದ್ದು.

ಹೋಗುವಾಗ ಎಲ್ಲರನ್ನೂ ನಿಲ್ಲಿಸಿ, ‘ನನ್ನ ತೂಕ ಎಷ್ಟು ಅಂತ ಯಾರೂ ಎಲ್ಲೂ ಹೇಳ್ಬಾರ್ದು’ ಎಂದರು. ನಾನು ಇಲ್ಲಿ ಅವರ ಹೆಸರು ಬರೆದಿಲ್ಲ.

ಅವತ್ತು ಮಾಸ್ತರಿಗೆ ಸೊಂಟ ಹಿಡಿದುಕೊಂಡಿತು. ಮನೆಯ ಮೂರು ಮಹಡಿ ಹತ್ತಲಾಗಲಿಲ್ಲ. ಅಕ್ಕ ಹಿಂದಿನಿಂದ ತಳ್ಳಿಕೊಂಡು ಹತ್ತಿಸಿದರಂತೆ. ಮೂರೂ ಮಹಡಿ ಬೈದುಕೊಂಡೇ ಹತ್ತಿಸಿದರು ಎಂದು ಎರಡನೇ ಮಹಡಿಯಾಕೆ ಹೇಳಿದರು.

ಮಾಸ್ತರಿಗೆ ಇನ್ನು ಆರು ವರ್ಷ ಸರ್ವೀಸಿದೆ. ಪ್ರತಿ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಗೇಟು ಎಲ್ಲರಿಗೂ ತೆರೆದಿರುತ್ತದೆ. ಗ್ಯಾಸು ಸೋರಿದರೆ ಏನು ಮಾಡಬೇಕು, ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಏನು ಮಾಡಬಾರದು, ಎಲ್ಲಾ ಕಲಿಸುತ್ತಾರೆ. ಕೇಳುವವರು ಇಬ್ಬರೋ ಮೂವರೋ ಬರುತ್ತಾರೆ. ಅವರು ಇನ್ನೂರು ಜನ ಇದ್ದ ಹಾಗೆ ಕೂಗಿ ಹೇಳುತ್ತಾರೆ. ದಯವಿಟ್ಟು ಹೋಗಿ ಅವರನ್ನು ನೋಡಿ. ಮನೆಯವರನ್ನೂ ಕರೆದುಕೊಂಡು ಹೋಗಿ. ಹಳೇ ಬಟ್ಟೆ ಹಾಕಿಕೊಂಡು ಹೋಗಿ, ಹೊಗೆ ಕೋಣೆಯ ಮಸಿ ಎಷ್ಟು ಒಗೆದರೂ ಹೋಗುವುದಿಲ್ಲ.